ಮೊದಲ ಮೊಳೆಯ ಲೋಟ

ನಮ್ಮ ಅಡಿಗೆಮನೆಯಲ್ಲಿ ರಾಗಿಹಿಟ್ಟಿನ ಮಡಕೆಯೊಳಗೆ ಒಂದು ಹಿತ್ತಾಳೆ ಲೋಟವಿದೆ. ಅದರ ಮಗ್ಗುಲಿಗೆ ಒಂದು ಸಣ್ಣ ಕೊಂಡಿ ಬೆಸೆದಿದೆ. ಕೊಂಡಿಯ ಎದುರಿಗೆ ಒಂದು ನೆಗ್ಗು, ನೆಗ್ಗಿನ ಕೆಳಗೆ ಮೊಳೆಯಿಂದ ಕೊರೆದ ಒಂದು ಗುರುತು. ಹೋದ ವರ್ಷ ಹೊಳಲ್ಕೆರೆಯ ವಾಸು ತನ್ನ ಕಾಫಿ ಕ್ಲಬ್ಬಿಗೆ ಪಿಂಗಾಣಿ ಬಟ್ಟಲು ತರಿಸಿ, ಗೋಡೆಯ ಮೊಳೆಗಳನ್ನೆಲ್ಲ ಕಿತ್ತು, ಲೋಟಗಳನ್ನು ಅವರವರ ಮನೆಗೆ ಕಳಿಸಿಕೊಟ್ಟ. ಹಾಗೆ ಇದು ನಮ್ಮ ಮನೆಗೆ ಬಂತು. ಬಂದ ದಿನವೇ ನನ್ನ ಹೆಂಡತಿ ಕೇಳಿದಳು:

'ಲೋಟದ ಮೇಲೆ ಕುಡುಗೋಲು ಯಾಕೆ ಕೊರ್ಸೀರಿ?'

ಅದು ಕುಡುಗೋಲಲ್ಲ, ಪ್ರಶ್ನಾರ್ಥಕ ಚಿಹ್ನೆ ಎಂದೆ. ಅವಳು ಲೋಟವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, 'ಕುಡುಗೋಲೇ' ಎಂದು ಹೇಳಿ ಹಿಟ್ಟಿನ ಮಡಕೆಗೆ ಹಾಕಿದಳು. ನಾನು ವಾದಿಸಲಿಲ್ಲ. ನನ್ನನ್ನು ಹಿಂದಿನಿಂದ ಬಲ್ಲವರು ಇದನ್ನು ನಂಬುವುದಿಲ್ಲ.

ಹದಿನೆಂಟು ತುಂಬುವವರೆಗೆ ನಾನು ಯಾವ ಮಾತನ್ನೂ ಸುಮ್ಮನೆ ಹೋಗಗೊಟ್ಟವನಲ್ಲ. ಬೆಳಗಾಯಿತು ಏಳು ಎಂದರೆ, ಬೆಳಗು ಎಂದು ಯಾವುದಕ್ಕೆ ಅನ್ನಬೇಕು ಎಂದು ಹೊದಿಕೆಯೊಳಗಿನಿಂದಲೇ ಕೇಳುತ್ತಿದ್ದೆ. ಕ್ಷೌರಿಕನ ಕೈಗೆ ತಲೆ ಕೊಟ್ಟು ಕೂತಾಗಲೂ ವಾದ ಬಿಡುತ್ತಿರಲಿಲ್ಲ. ಬಲಗಿವಿಯ ಮೇಲಿರುವ ಗಾಯದ ಗುರುತು ದೇವರಿದ್ದಾನೋ ಇಲ್ಲವೋ ಎಂಬ ಚರ್ಚೆಯ ಕಾಲದ್ದು. ತಂದೆಯಿಲ್ಲದ ನನ್ನನ್ನು ಸಾಕಿದವರು ದೊಡ್ಡಪ್ಪ ಚನ್ನಬಸಪ್ಪ, ದುರ್ಗದ ಪೇಟೆಯಲ್ಲಿ ಹತ್ತಿಯ ವ್ಯಾಪಾರಿ. ಅವರು ಇಡೀ ದಿನಕ್ಕೆ ಆಡುತ್ತಿದ್ದಷ್ಟು ಮಾತನ್ನು ನಾನು ಹಲ್ಲುಜ್ಜುವುದಕ್ಕೆ ಮೊದಲೇ ಆಡಿ ಮುಗಿಸಿರುತ್ತಿದ್ದೆ.

ಅವರ ಅಂಗಡಿಯ ಅಂಡಿಗೆಗಳ, ಎಂದರೆ ಹತ್ತಿಯ ದೊಡ್ಡ ಮೂಟೆಗಳ, ನಡುವೆಯೇ ನಾನು ಬೆಳೆದದ್ದು. ಶಾಲೆಗೆ ಹೋದಾಗ ತಲೆಯಲ್ಲಿ ಹತ್ತಿ ಅಂಟಿಕೊಂಡಿರುತ್ತಿತ್ತು. ಮಾಸ್ತರರು ನನ್ನನ್ನು ಮುದುಕ ಎಂದೇ ಕರೆಯುತ್ತಿದ್ದರು. ಅಂಡಿಗೆಯ ಮೇಲೆ ಮಲಗಿ ನೋಡುತ್ತಿದ್ದೆ: ಆದಿವಾಲದಿಂದಲೋ ಶ್ರೀರಾಂಪುರದಿಂದಲೋ ಗಾಡಿ ಬರುವುದು, ದೊಡ್ಡಪ್ಪ ಹತ್ತಿಯನ್ನು ಚಿವುಟಿ ಎಳೆದು ನೋಡುವುದು, ಅಲ್ಲಿದ್ದ ನಾಲ್ಕು ಜನರ ಮುಂದೆ 'ಆತು' ಎನ್ನುವುದು. ಕಾಗದವಿಲ್ಲ, ರುಜುವಿಲ್ಲ. ಮರುದಿನ ಧಾರಣೆ ಏರಲಿ, ಬೀಳಲಿ, ಆತು ಎಂದರೆ ಆತು. ಇದು ತರ್ಕಕ್ಕೆ ಒಪ್ಪುವ ಕ್ರಮವಲ್ಲ ಎಂದು ನಾನು ಅವರಿಗೆ ಹಲವು ಸಲ ತೋರಿಸಿಕೊಟ್ಟಿದ್ದೆ. ಅವರು ಹತ್ತಿ ಚಿವುಟುತ್ತಾ ಕೇಳುತ್ತಿದ್ದರು.

ಆ ಅಂಗಡಿಯ ಎದುರಿಗೇ ಅನಂತಭಟ್ಟರು ಕಾಫಿ ಕ್ಲಬ್ಬು ತೆಗೆದರು. ಘಟ್ಟದ ಕೆಳಗಿನವರು, ನಾಲ್ವರು ಅಣ್ಣತಮ್ಮಂದಿರಲ್ಲಿ ಹಿರಿಯರು. ಮೊದಲ ವರ್ಷ ಅಲ್ಲಿಗೆ ಕಚೇರಿಯ ಗುಮಾಸ್ತರು ನಾಲ್ಕಾರು ಮಂದಿ ಬಿಟ್ಟರೆ ಯಾರೂ ಹೋಗಲಿಲ್ಲ. ಪೇಟೆಯ ತುಂಬ ನಮ್ಮ ಜನ, ಲಿಂಗ ಕಟ್ಟಿದವರು. ಭಟ್ಟರು ಮುಟ್ಟಿದ್ದನ್ನು ನಮ್ಮವರು ತಿನ್ನುವ ಹಾಗಿರಲಿಲ್ಲ. ನಮ್ಮವರು ಕುಡಿದ ಲೋಟವನ್ನು ಭಟ್ಟರು ಮುಟ್ಟುವ ಹಾಗಿರಲಿಲ್ಲ. ಅವರಿಗಿಂತ ನಾವು ಶುದ್ಧರೆಂದು ನಾವೂ, ನಮಗಿಂತ ತಾವು ಶುದ್ಧರೆಂದು ಅವರೂ ನಂಬಿದ್ದರಿಂದ ದೂರವಿರಬೇಕು ಎಂಬ ವಿಷಯದಲ್ಲಿ ಎರಡು ಕಡೆಯವರಿಗೂ ಪೂರ್ಣ ಒಮ್ಮತವಿತ್ತು.

ಭಟ್ಟರು ಜಗಳವಾಡಲಿಲ್ಲ. ಗೋಡೆಗೆ ಸಾಲಾಗಿ ಮೊಳೆ ಹೊಡೆದರು. ನಿಮ್ಮ ಲೋಟ ನೀವೇ ತನ್ನಿ, ನಾನು ಮುಟ್ಟುವುದಿಲ್ಲ, ಮೇಲಿಂದ ಹೊಯ್ಯುತ್ತೇನೆ. ಕುಡಿದು, ತೊಟ್ಟಿಯಲ್ಲಿ ನೀವೇ ತೊಳೆದು, ನಿಮ್ಮ ಮೊಳೆಗೆ ನೀವೇ ತೂಗುಹಾಕಿ ಎಂದರು. ಕಾಫಿ ಅಡಿಗೆಯೋ ಅಲ್ಲವೋ ಎಂದು ಯಾವ ಹಿರಿಯರೂ ಹೇಳಿರಲಿಲ್ಲ, ಯಾಕೆಂದರೆ ಯಾವ ಹಿರಿಯರೂ ಅದನ್ನು ಕುಡಿದಿರಲಿಲ್ಲ. ಹೀಗೆ ಕಾಫಿ ಒಳಗೆ ಬಂತು. ಅದರ ಬೆನ್ನಿಗೆ ಮೆಣಸಿನಕಾಯಿ ಬೋಂಡ ಬಂತು, ಎಣ್ಣೆಯಲ್ಲಿ ಕರಿದದ್ದಕ್ಕೆ ದೋಷವಿಲ್ಲ ಎಂದು. ಅದರ ಬೆನ್ನಿಗೆ ದೋಸೆ. ದೋಸೆಯ ಸುತ್ತ ಎಣ್ಣೆ ಬಿಡುವುದರಿಂದ ಅದೂ ಕರಿದದ್ದರ ಲೆಕ್ಕಕ್ಕೇ ಸೇರುತ್ತದೆ ಎಂಬ ತೀರ್ಮಾನವಾಯಿತು. ತೀರ್ಮಾನ ಕೊಟ್ಟವನು ನಾನು. ಆಗ ನನಗೆ ಹದಿಮೂರು ವರ್ಷ, ಮತ್ತು ತುಂಬ ಹಸಿವು.

ಮೇಲಿಂದ ಹೊಯ್ಯುವುದೆಂದರೆ ನೀವು ನೋಡಬೇಕು. ಭಟ್ಟರು ಕೈಯನ್ನು ಕಿವಿಗಿಂತ ಮೇಲಕ್ಕೆ ಎತ್ತುವರು, ಗಿರಾಕಿ ಲೋಟವನ್ನು ಮೊಣಕಾಲಿನ ಹತ್ತಿರ ಹಿಡಿಯುವನು, ನಡುವೆ ಕಾಫಿ ಒಂದು ಹಗ್ಗದ ಹಾಗೆ ಇಳಿಯುವುದು. ಅಷ್ಟು ದೂರ ಬಿದ್ದ ಕಾಫಿಗೆ ಎರಡು ಬೆರಳು ನೊರೆ ಬರುತ್ತಿತ್ತು. ದುರ್ಗದ ಜನ ಆ ನೊರೆಗೆ ಸಿಕ್ಕಿಬಿದ್ದರು. ಒಬ್ಬರನ್ನೊಬ್ಬರು ಮುಟ್ಟಲಾರದ ಎರಡು ಜಾತಿಗಳು ಸೇರಿ ಮಾಡಿದ ಒಳ್ಳೆಯ ವಸ್ತು ನಾನು ಕಂಡಂತೆ ಅದೊಂದೇ. ಜಗುಲಿಯ ಕೆಳಗೆ ನಿಲ್ಲುವವರಿಗೆ ಮಾತ್ರ ಮೊಳೆಯೂ ಇರಲಿಲ್ಲ, ಲೋಟವೂ ಇರಲಿಲ್ಲ, ತೆಂಗಿನ ಚಿಪ್ಪಿತ್ತು. ಎಲ್ಲದರ ಮೇಲೂ ಪ್ರಶ್ನೆ ಎತ್ತುತ್ತಿದ್ದ ನಾನು ಆ ಚಿಪ್ಪಿನ ಮೇಲೆ ಎತ್ತಿದ ನೆನಪಿಲ್ಲ.

ಲೋಟಗಳು ಅದಲುಬದಲಾಗದ ಹಾಗೆ ಒಬ್ಬೊಬ್ಬರೂ ಒಂದೊಂದು ಗುರುತು ಕೊರೆಸಿದ್ದರು. ತ್ರಿಶೂಲ, ತಕ್ಕಡಿ, ನಂದಿ; ನಂದಿ ಎಂದು ಹೇಳಿದ್ದರಿಂದ ನಂದಿ. ದೊಡ್ಡಪ್ಪನದು ಒಂದು ನೆಟ್ಟನೆಯ ಗೆರೆ. ಅದು ಬಾಗಿಲಿಗೆ ಹತ್ತಿರದ ಮೊದಲ ಮೊಳೆಯಲ್ಲಿ ತೂಗುತ್ತಿತ್ತು. ನನ್ನದೆಂದು ಲೋಟವಿರಲಿಲ್ಲ. ಇದೆಲ್ಲ ಮೂಢನಂಬಿಕೆ ಎಂದು ಸಾರಿ, ಕ್ಲಬ್ಬಿನ ಲೋಟದಲ್ಲೇ ಕುಡಿಯುತ್ತಿದ್ದೆ. ಭಟ್ಟರು ಅದಕ್ಕೂ ಜಗಳವಾಡಲಿಲ್ಲ. ಕುಡಿದ ಮೇಲೆ ಹುಣಿಸೆಹಣ್ಣು ಹಚ್ಚಿ ಎರಡು ಸಲ ತಿಕ್ಕಿಸುತ್ತಿದ್ದರು.

ಕ್ಲಬ್ಬು ಒಂದಿದ್ದದ್ದು ಮೂರಾದದ್ದು ಹೀಗೆ. ಮಾರಿಕಣಿವೆಯಲ್ಲಿ ಕಟ್ಟೆ ಕಟ್ಟುವ ಕೆಲಸಕ್ಕೆ ಊರೂರಿನ ಜನ ಬಂದಿದ್ದರಿಂದ ಅಣ್ಣತಮ್ಮಂದಿರಲ್ಲಿ ಎರಡನೆಯವನು ಹಿರಿಯೂರಿನಲ್ಲಿ ಅಂಗಡಿ ಹಾಕಿದ. ಹೊಸದುರ್ಗದ ಕಡೆ ತೆಂಗಿನಕಾಯಿ ಕಂಡು ಊರು ನೆನಪಾದ ಮೂರನೆಯವನು ಅಲ್ಲೇ ನಿಂತ. ಆದರೆ ಬಂದುಹೋಗುವವರಿಂದ ಮೊಳೆ ತುಂಬುವುದಿಲ್ಲ, ಊರಿನವರು ಬರಬೇಕು. ಅದಕ್ಕೆ ದೊಡ್ಡಪ್ಪ ಬೇಕಾಗಿತ್ತು. ಹೊಸ ಅಂಗಡಿ ತೆಗೆಯುವ ದಿನ ಅವರು ಒಂದು ಗೆರೆಯ ಇನ್ನೊಂದು ಲೋಟವನ್ನು ಹತ್ತಿಯ ಗಾಡಿಯಲ್ಲಿ ಇಟ್ಟುಕೊಂಡು ಹೋಗಿ, ಕಾಫಿ ಕುಡಿದು, ತೊಳೆದು, ಮೊದಲ ಮೊಳೆಗೆ ತೂಗುಹಾಕಿ, ಏನೂ ಮಾತಾಡದೆ ಬರುತ್ತಿದ್ದರು. ನಮ್ಮ ನೆಂಟರೂ ಬೀಗರೂ ಆ ಊರುಗಳ ತುಂಬ ಇದ್ದರು. 'ದುರ್ಗದ ಚನ್ನಬಸಪ್ಪನೋರ ಲೋಟ ಐತಂತೆ' ಎಂಬ ಸುದ್ದಿ ಸಾಕು, ತಿಂಗಳೊಳಗೆ ಗೋಡೆ ತುಂಬುತ್ತಿತ್ತು.

ಉಳಿದವನು ನಾಲ್ಕನೆಯವನು, ಕೊನೆಯ ತಮ್ಮ ವಾಸು. ನನ್ನ ವಯಸ್ಸಿನವನು. ಘಟ್ಟದ ಕೆಳಗೆ ಒಂದು ದೇವಸ್ಥಾನದ ಅಡಿಗೆಶಾಲೆಯಲ್ಲಿ ನಾಲ್ಕು ವರ್ಷ ಕುಂಬಳಕಾಯಿ ಹೆಚ್ಚಿದವನು; ಹೆಚ್ಚಿದ್ದನ್ನು ಬೇಯಿಸುವ ಅಧಿಕಾರ ಅವನಿಗೆ ಅಲ್ಲಿ ಸಿಕ್ಕಿರಲಿಲ್ಲ. ರೈಲು ನಿಲ್ಲುವ ಊರು ಎಂದು ಹೊಳಲ್ಕೆರೆಯನ್ನು ಅವನೇ ಆರಿಸಿಕೊಂಡ. ಯುಗಾದಿಯೊಳಗೆ ಅಂಗಡಿ ನಿಂತರೆ ನಿಂತಿತು, ಇಲ್ಲವಾದರೆ ಘಟ್ಟ ಇಳಿದು ಮತ್ತೆ ಕುಂಬಳಕಾಯಿಯ ಮುಂದೆ ಕೂರುವುದು ಎಂದು ಅಣ್ಣನಿಗೂ ತಮ್ಮನಿಗೂ ಮಾತಾಗಿತ್ತು. ಬಾಗಿಲು ತೆಗೆಯುವುದಕ್ಕೆ ದಿನ ಗೊತ್ತಾಯಿತು. ದೊಡ್ಡಪ್ಪ ನಾಲ್ಕನೆಯ ಲೋಟಕ್ಕೆ ಕೊಂಡಿ ಬೆಸೆಸಿದರು.

ಅದಕ್ಕೆ ಮೂರು ವಾರ ಮುಂಚೆ ನಮ್ಮ ಹೈಸ್ಕೂಲಿನ ಚರ್ಚಾಸಂಘದ ವಾರ್ಷಿಕೋತ್ಸವ. ಊರ ಹಿರಿಯರೆಲ್ಲ ಮುಂದಿನ ಸಾಲಿನಲ್ಲಿ. ವಿಷಯ: ಅನ್ನವನ್ನು ಮಾರುವುದು ಸರಿಯೇ? ಯಾರು ಯಾವ ಪಕ್ಷ ಎನ್ನುವುದನ್ನು ಚೀಟಿ ಎತ್ತಿ ಗೊತ್ತುಮಾಡುತ್ತಿದ್ದರು. ನನಗೆ 'ತಪ್ಪು' ಎಂಬ ಚೀಟಿ ಬಂತು. ಆ ಸಂಜೆ ಭಟ್ಟರಲ್ಲಿ ಎರಡು ದೋಸೆ ತಿಂದು, ಕೈ ತೊಳೆದು, ಸಭೆಗೆ ಹೋಗಿ, ಅನ್ನ ಮಾರುವುದು ಪಾಪ ಎಂದು ಅರ್ಧ ಗಂಟೆ ಮಾತಾಡಿದೆ. 'ನೀರು ಕೇಳಿದವರಿಗೆ ಮಜ್ಜಿಗೆ ಕೊಟ್ಟ ಸೀಮೆ ಇದು. ಅನ್ನ ಕೇಳಿದವರಿಗೆ ಧಾರಣೆ ಹೇಳುವುದೇ?' ಎಂದಾಗ ಹಿಂದಿನ ಸಾಲಿನವರು ಎದ್ದುನಿಂತರು. ದಾಸೋಹ ಎಂದೆ, ಮಠ ಎಂದೆ, ಹೊತ್ತಿಗೆ ಬಂದವರಿಗೆ ಯಾರು ಎಂದು ಕೇಳದೆ ಇಕ್ಕುವ ನಮ್ಮ ದೊಡ್ಡಮ್ಮನನ್ನೂ ಹೆಸರಿಲ್ಲದೆ ಎಳೆದು ತಂದೆ. ಎದುರು ಪಕ್ಷದವನು ಬಾಯಿ ತೆರೆಯುವ ಮೊದಲೇ ಸೋತಿದ್ದ. ನನಗೆ ಹಾರ ಹಾಕಿದರು.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಎದುರಿನ ಕ್ಲಬ್ಬಿಗೆ ಹೋಗಿ, ಮೊದಲ ಮೊಳೆಯಿಂದ ಲೋಟ ತೆಗೆದುಕೊಂಡು, ಮನೆಗೆ ತಂದು ಗೂಡಿನಲ್ಲಿಟ್ಟರು. ಅವತ್ತೇ ಸಂಜೆಯೊಳಗೆ ತ್ರಿಶೂಲ ಹೋಯಿತು, ತಕ್ಕಡಿ ಹೋಯಿತು, ನಂದಿಯೂ ಎದ್ದು ಹೋಯಿತು. ವಾರದೊಳಗೆ ಹಿರಿಯೂರು ಹೊಸದುರ್ಗಗಳಿಂದಲೂ ಅದೇ ಸುದ್ದಿ. ನನ್ನ ವಾದಕ್ಕೆ ಇಷ್ಟು ಬಲವಿದೆಯೆಂದು ನನಗೇ ಗೊತ್ತಿರಲಿಲ್ಲ. ಎರಡು ದಿನ ಹೆಮ್ಮೆಪಟ್ಟೆ. ಮೂರನೆಯ ದಿನ ದೋಸೆ ತಿನ್ನೋಣವೆಂದು ಹೊರಟರೆ ದೊಡ್ಡಪ್ಪ ಅಂಗಡಿಯಿಂದಲೇ ಕೇಳಿದರು:

'ಎಲ್ಲಿಗೋ?'

'ಭಟ್ಟರಲ್ಲಿಗೆ.'

'ನೀನೇ ಹೇಳಿದ್ದಲ್ಲೇನಪ್ಪ, ಧಾರಣೆ ಹೇಳೋ ಅನ್ನ ಪಾಪ ಅಂತ.'

ನಾನು ಒಳಗೆ ಬಂದು ಅಂಡಿಗೆಯ ಮೇಲೆ ಕೂತೆ.

ಮನೆಯಲ್ಲಿ ಕಾಫಿಯ ಕಷ್ಟ ಶುರುವಾಯಿತು. ದೊಡ್ಡಪ್ಪ ಮೂರು ದಿನ ನೊರೆಯಿಲ್ಲದ ಕಾಫಿ ಕುಡಿದು, ನಾಲ್ಕನೆಯ ದಿನ, 'ಒಂದೀಟು ಮೇಲಿಂದ ಹೊಯ್ಯೇ' ಎಂದರು.

'ಯಾಕ್ರಿ, ನಾನೇನು ನಿಮ್ಮನ್ನ ಮುಟ್ಟಬಾರ್ದೇನು?' ಎಂದಳು ದೊಡ್ಡಮ್ಮ. ಆದರೂ ಹೊಸಿಲ ಮೇಲೆ ನಿಂತು ಹೊಯ್ದಳು. ಕಾಫಿ ಪಂಚೆಯ ಮೇಲೆ ಬಿತ್ತು. ದೊಡ್ಡಪ್ಪ ಪಂಚೆ ಬದಲಿಸಿ ಬಂದು ಉಳಿದದ್ದನ್ನು ಕುಡಿದರು. ನನ್ನ ಕಡೆ ನೋಡಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಅನಂತಭಟ್ಟರು ನನ್ನನ್ನು ಬೀದಿಯಲ್ಲಿ ಹಿಡಿದರು. ಬೈಯುತ್ತಾರೆ ಎಂದು ನಾಲ್ಕು ಉತ್ತರ ಸಿದ್ಧಮಾಡಿಕೊಂಡೆ.

'ಚಂದ ಮಾತಾಡಿದ್ರಿ ಮಾರಾಯ್ರೆ. ನಾನು ಹಿಂದೆ ನಿಂತು ಕೇಳಿದ್ದೆ. ಚಪ್ಪಾಳೆ ಸಹ ತಟ್ಟಿದೆ.'

'ನೀವೂ?'

'ನಾನು ಮಾಡುವುದು ಪಾಪ ಅಂತ ನನಗೂ ಅನ್ನಿಸಿಬಿಟ್ಟಿತು. ಮನೆಗೆ ಹೋದ ಮೇಲೆ ಸರಿಯಾಯಿತು.' ಭಟ್ಟರು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡರು. 'ವಾಸು ಸಾಮಾನು ಕಟ್ಟುತ್ತಾ ಇದ್ದಾನೆ. ಹೊಳಲ್ಕೆರೆಗೆ ಅಂತ ನಾನು ತಿಳಿದೆ. ಕೇಳಿದ್ರೆ ಊರಿಗಂತೆ. ನಿಮ್ಮ ದೊಡ್ಡಪ್ಪ ಬಾರದೆ ಹೊಳಲ್ಕೆರೆಯಲ್ಲಿ ಯಾರು ಬರ್ತಾರೆ? ಗಂಟು ಹಾಕಿದವರು ನೀವು. ಬಿಚ್ಚುವುದೂ ನಿಮಗೆ ಗೊತ್ತುಂಟಲ್ಲ?'

ಗೊತ್ತುಂಟು ಎಂದೆ. ಎರಡು ಪಕ್ಷದಲ್ಲೂ ಮಾತಾಡಬಲ್ಲವನಿಗೆ ಅದೇನು ದೊಡ್ಡದು? ಅವತ್ತಿನಿಂದಲೇ ದೊಡ್ಡಪ್ಪನ ಮುಂದೆ ಕೂತೆ. ವೈದ್ಯ ಮದ್ದು ಮಾರುವುದಿಲ್ಲವೇ ಎಂದೆ. ಬಟ್ಟೆ ಕೊಡುವುದೂ ದಾನವೇ, ಹಾಗೆಂದು ನೀವು ಹತ್ತಿ ಮಾರುವುದು ಪಾಪವೇ ಎಂದೆ. ಮನೆಬಿಟ್ಟು ಬಂದ ಪರಸ್ಥಳದವನಿಗೆ ಯಾರು ಇಕ್ಕುತ್ತಾರೆ ಎಂದೆ. ನಿಜ ಹೇಳುತ್ತೇನೆ, ಈ ವಾದಗಳು ಮೊದಲಿನವಕ್ಕಿಂತ ಗಟ್ಟಿಯಾಗಿದ್ದವು. ದೊಡ್ಡಪ್ಪ ಎಲ್ಲಕ್ಕೂ ನನ್ನ ಭಾಷಣದಿಂದಲೇ ಉತ್ತರ ಕೊಟ್ಟರು. ಅದು ಅವರಿಗೆ ಬಾಯಿಪಾಠವಾಗಿತ್ತು.

'ದೊಡ್ಡಪ್ಪ, ಅದು ಚೀಟಿ ಎತ್ತಿ ಬಂದಿದ್ದು. ಇನ್ನೊಂದು ಚೀಟಿ ಬಂದಿದ್ದರೆ ಇನ್ನೊಂದು ಹೇಳುತ್ತಿದ್ದೆ.'

'ಹಂಗಾರೆ ನೀನು ಹೇಳಿದ್ದು ಯಾವ್ದು, ಚೀಟಿ ಹೇಳಿದ್ದು ಯಾವ್ದು?'

'ಎರಡೂ ವಾದವೇ.'

'ಅವತ್ತು ಹಾರ ಹಾಕಿದ್ದು ಚೀಟಿಗೋ?'

ದೊಡ್ಡಮ್ಮ ಒಳಗಿನಿಂದ, 'ಸುಮ್ನಾಗ್ಯಾನಾ? ನೋಡಾಣ ತಾಳು' ಎಂದು ಹೊರಗೆ ಬಂದು ನನ್ನ ಮುಖ ನೋಡಿ ಹೋದಳು.

ಹೊಳಲ್ಕೆರೆಯ ದಿನ ಹತ್ತಿರ ಬಂತು. ಗೊತ್ತುಮಾಡಿದ ದಿನ ಬಾಗಿಲು ತೆಗೆಯದಿದ್ದರೆ ಅಪಶಕುನ ಎಂದು ಭಟ್ಟರು ವಾಸುವನ್ನು ತಡೆದು ನಿಲ್ಲಿಸಿಕೊಂಡಿದ್ದರು. ಒಂದು ದಿನವಾದರೂ ಹಾಲು ಉಕ್ಕಲಿ, ಆಮೇಲೆ ಹೋಗು ಎಂದು. ನಾನು ಕಂಚುಗಾರರ ಬೀದಿಗೆ ಹೋಗಿ ಒಂದು ಹಿತ್ತಾಳೆ ಲೋಟ ಕೊಂಡೆ. ಕೊಂಡಿ ಹಾಕಿಸಿದೆ. ಗುರುತೇನು ಎಂದು ಕಂಚುಗಾರ ಕೇಳಿದ. ಲೋಟಗಳನ್ನು ಆಡಿಕೊಂಡವನು ಲೋಟ ಕೊಂಡಿದ್ದೇನೆ, ಕನಿಷ್ಠ ಗುರುತಿನಲ್ಲಾದರೂ ಮಾನ ಉಳಿಯಲಿ ಎಂದು ಪ್ರಶ್ನಾರ್ಥಕ ಚಿಹ್ನೆ ಬರೆದು ತೋರಿಸಿದೆ. ದೊಡ್ಡಪ್ಪನಿಗೆ ಹೇಳಿಯೇ ಭಟ್ಟರ ಗಾಡಿ ಹತ್ತಿದೆ. ಅವರು ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ.

ವಾಸುವಿನ ಅಂಗಡಿ ಬಿಳಿ ಸುಣ್ಣ ಬಳಿದುಕೊಂಡು ನಿಂತಿತ್ತು. ಗೋಡೆಗೆ ಎರಡು ಸಾಲು ಮೊಳೆ, ಎಲ್ಲ ಖಾಲಿ. ಬೆಳಿಗ್ಗೆ ಹಾಲು ಉಕ್ಕಿತು, ಡಿಕಾಕ್ಷನ್ನಿನ ವಾಸನೆ ಬೀದಿಗೆ ಹೋಯಿತು, ವಾಸನೆಯ ಹಿಂದೆ ಹತ್ತು ಹದಿನೈದು ಮಂದಿ ಬಂದು ಬಾಗಿಲ ಹೊರಗೇ ನಿಂತರು. ಎಲ್ಲರ ಮುಂದೆ ಬಿ.ದುರ್ಗ ಎಂಬ ಹಳ್ಳಿಯ ಗೌಡರು, ದೊಡ್ಡಪ್ಪನಿಗೆ ವರ್ಷಾವರ್ಷ ಹತ್ತಿ ಹಾಕುವವರು, ಆ ಸುತ್ತಿಗೆ ಹಿರಿಯರು. ವಾಸು ಕಾಫಿಯ ಪಾತ್ರೆ ಹಿಡಿದುಕೊಂಡು ನಿಂತಿದ್ದ. ಅವನ ಗಂಟು ಮೂಲೆಯಲ್ಲಿ ಬಿಚ್ಚದೆ ಹಾಗೇ ಇತ್ತು.

ನಾನು ಲೋಟ ತೆಗೆದುಕೊಂಡು ಮೊದಲ ಮೊಳೆಯ ಹತ್ತಿರ ಹೋದೆ.

'ಏನಪ್ಪ,' ಎಂದರು ಗೌಡರು. 'ಅನ್ನ ಮಾರಬಾರ್ದು ಅಂದೋನು ನೀನೇ ಅಲ್ಲೇನು? ಚನ್ನಬಸಪ್ಪನೋರ ತಮ್ಮನ ಮಗ?'

'ಹೌದು ಗೌಡ್ರೆ.'

'ಮತ್ತೆ ಇದೇನು?'

ಎಲ್ಲರೂ ಕಾದರು. ನನಗೆ ತಿಳಿಯದೆಯೇ ಬಲಗೈ ಮೇಲೆದ್ದಿತು, ಸಭೆಯಲ್ಲಿ ಏಳುವ ಹಾಗೆ. 'ಮೊದಲು ಅನ್ನ ಎಂದರೆ ಏನು ಎಂಬುದನ್ನು ವಿಚಾರಿಸೋಣ' ಎಂದು ಶುರುಮಾಡಿದೆ. ಗೌಡರ ಹಿಂದಿನವನೊಬ್ಬ ಆಕಳಿಸಿದ. ವಾಸು ಪಾತ್ರೆಯನ್ನು ಒಲೆಯ ಮೇಲೆ ಇಟ್ಟು, ಮೂಲೆಯ ಗಂಟಿನ ಕಡೆ ನೋಡಿದ. ಕೈ ಇಳಿಸಿದೆ.

'ತಪ್ಪು ಹೇಳಿದ್ದೆ ಗೌಡ್ರೆ.'

'ಏನಂದೆ?'

'ಅವತ್ತು ಹೇಳಿದ್ದು ತಪ್ಪು. ನಾನು ಅದನ್ನ ನಂಬಿರಲಿಲ್ಲ. ಗೆಲ್ಲಬೇಕು ಅಂತ ಹೇಳಿದೆ.'

ಗೌಡರು ಹಿಂದೆ ತಿರುಗಿದರು. 'ಕೇಳಿಸ್ಕಂಡ್ರೇನ್ರೋ?' ಕೇಳಿಸ್ಕಂಡಿವಿ ಎಂದರು. 'ಆತು ಬಿಡು,' ಎಂದು ಗೌಡರು ಚಪ್ಪಲಿ ಬಿಟ್ಟು ಒಳಗೆ ಬಂದರು. 'ನಾನು ಲೋಟ ತಂದಿಲ್ಲ. ನಿಂದೇ ಕೊಡು, ನಮ್ಮೋನೇ ಅಲ್ಲೇನು. ಇದೇನಿದು? ಕುಡುಗೋಲು, ಕೆಳಗೊಂದು ಕಾಳು. ಚಲೋ ಗುರುತು.'

ನಾನು ತಿದ್ದಲಿಲ್ಲ. ವಾಸು ಕೈಯನ್ನು ಕಿವಿಗಿಂತ ಮೇಲಕ್ಕೆ ಎತ್ತಿದ. ಕಾಫಿಯ ಹಗ್ಗ ಕಡಿಯದೆ ಇಳಿಯಿತು. ಗೌಡರು ಬಿಸಿಗೆ ಕೈ ಬಿಟ್ಟರು, ಲೋಟ ಕಲ್ಲಿನ ಮೇಲೆ ಬಿದ್ದು ನೆಗ್ಗಿತು. ವಾಸು ಇನ್ನೊಂದು ಸಲ ಹೊಯ್ದ. ಮೀಸೆಗೆ ನೊರೆ ಹತ್ತಿಸಿಕೊಂಡು ಗೌಡರು ಹೊರಗಿನವರಿಗೆ ಹೇಳಿದರು: 'ನಿಂತ್ಕಂಡು ಏನ್ ನೋಡ್ತೀರ್ಲೇ? ಮನೇಗೋಗಿ ಲೋಟ ತಗಂಬರ್ರಿ.'

ವಾಸು ಆ ಗಂಟನ್ನು ಬಿಚ್ಚಿದ್ದು ಯಾವಾಗ ಎಂದು ನಾನು ನೋಡಲಿಲ್ಲ. ನಾವು ದುರ್ಗಕ್ಕೆ ಹೊರಡುವ ಹೊತ್ತಿಗೆ ಅದರೊಳಗಿನ ಪಂಚೆ ಹಿತ್ತಲಿನ ಹಗ್ಗದ ಮೇಲೆ ಒಣಗುತ್ತಿತ್ತು.

ದುರ್ಗದಲ್ಲಿ ದೊಡ್ಡಪ್ಪ ಅಂಗಡಿಯಲ್ಲಿ ಹತ್ತಿ ಚಿವುಟುತ್ತಾ ಕೂತಿದ್ದರು. ಹೊಳಲ್ಕೆರೆಯ ಗಾಡಿಯೊಂದು ನಮಗಿಂತ ಮೊದಲೇ ಬಂದು ಮುಟ್ಟಿತ್ತು.

'ತಪ್ಪು ಅಂದ್ಯಂತೆ.'

'ಅಂದೆ.'

'ನಾಲ್ಕು ಜನರ ಮುಂದೆ?'

'ಹೆಚ್ಚೇ ಇದ್ದರು.'

ಅವರು ಎದ್ದು ಮನೆಯೊಳಗೆ ಹೋಗಿ ಗೂಡಿನಿಂದ ಒಂದು ಗೆರೆಯ ಲೋಟ ತಂದರು. ನಾನು ಗೆಲುವಿನಿಂದ, 'ಹಾಗಾದರೆ ನನ್ನ ಎರಡನೆಯ ವಾದ ಒಪ್ಪಿದಿರಿ' ಎಂದೆ.

'ಲೇ, ನಿನ್ನ ಮೊದಲನೇದನ್ನೇ ನಾನು ಒಪ್ಪಿರಲಿಲ್ಲ,' ಎಂದರು ದೊಡ್ಡಪ್ಪ. 'ಸಭೇಲಿ ನಿಂತು ಆಡೀಯ. ನಮ್ಮನೆ ಹುಡುಗ ಆಡಿದ ಮಾತನ್ನ ನಾನೇ ಮೀರಿದ್ರೆ ಪೇಟೆಯಾಗೆ ನಿನ್ನ ಮಾತಿಗೆ ಏನು ಬೆಲೆ? ನಿನ್ನ ಮಾತು ಉಳಿಸಾಕೆ ಲೋಟ ತಗಂಡ್ಬಂದೆ. ಆ ನಂದಿ, ತಕ್ಕಡಿ ಎಲ್ಲಾ ನನ್ನ ಮುಖ ನೋಡಿ ತಗಂಡ್ರು. ಯಾವಾಗ ಹಿಂದಕ್ಕೆ ತಗಂತೀಯೋ ಅಂತ ಕಾದು ಕಾದು ಸಾಕಾತು. ನೀನು ನೋಡಿದ್ರೆ ವೈದ್ಯ, ಮದ್ದು ಅಂತ ಕುಂತೆ.'

ಇಡೀ ದುರ್ಗವನ್ನು, ಹಿರಿಯೂರು ಹೊಸದುರ್ಗಗಳನ್ನೂ ಸೇರಿಸಿ, ನನ್ನ ವಾದದಿಂದ ಗೆದ್ದೆನೆಂದು ತಿಳಿದಿದ್ದೆ. ನನ್ನ ವಾದಕ್ಕೆ ಮನಸ್ಸು ಬದಲಿಸಿದವರು ಮೂರು ಊರಿನಲ್ಲಿ ಒಬ್ಬರೇ: ಅನಂತಭಟ್ಟರು, ಅದೂ ಮನೆ ಮುಟ್ಟುವವರೆಗೆ.

'ನಡಿ, ಹೋಗಾಣ,' ಎಂದರು ದೊಡ್ಡಪ್ಪ. ಬೀದಿ ದಾಟಿದೆವು. ಅವರು ಎಂದಿನ ಜಾಗದಲ್ಲಿ ಕೂತು ಲೋಟ ಹಿಡಿದರು. ಕಾಫಿ ಇಳಿಯಿತು, ನೊರೆ ಬಂತು, ಮೂರು ವಾರದ ಮೇಲೆ ಅವರ ಮುಖ ಸಡಿಲವಾಯಿತು. ನನ್ನ ಲೋಟ ಹೊಳಲ್ಕೆರೆಯ ಮೊದಲ ಮೊಳೆಯಲ್ಲಿ ಉಳಿದಿತ್ತು. ಕ್ಲಬ್ಬಿನ ಲೋಟವನ್ನೇ ಎತ್ತಿಕೊಂಡೆ. ಭಟ್ಟರು ಕೈ ಮೇಲಕ್ಕೆತ್ತಿದರು.

'ಭಟ್ಟರೇ, ನನಗೆ ಅಷ್ಟು ಎತ್ತರದಿಂದ ಬೇಡ. ಮುಟ್ಟಿದರೆ ನನಗೇನೂ ಆಗುವುದಿಲ್ಲ.'

'ಕೈ ಇಳಿಸಿದ್ರೆ ನೊರೆ ಬರುವುದಿಲ್ಲ ಮಾರಾಯ್ರೆ.'

ಇದಕ್ಕೆ ನನ್ನ ಹತ್ತಿರ ಮೂರು ಉತ್ತರಗಳಿದ್ದವು. ಮೂರೂ ಸರಿಯಾಗಿದ್ದವು, ಈಗಲೂ ಸರಿಯಾಗಿವೆ. ದೊಡ್ಡಪ್ಪ ಲೋಟದ ಅಂಚಿನ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು.

ನಾನು ಲೋಟವನ್ನು ಮೊಣಕಾಲಿನ ಹತ್ತಿರ ಹಿಡಿದೆ.